ಕವರಿನ ಮೇಲೆ ಮಾತ್ರ ಇದ್ದ ಡ್ರಮ್ಮರ್

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅಚ್ಚು ಹಾಕಿಸಿದ್ದೇನೆ, ಒಂದು ಸೀಡಿ ಕವರಿನ ಹಿಂಬದಿಯಲ್ಲಿ. ‘ಡ್ರಮ್ಸ್’ ಎಂದು ಬರೆದು, ಪಕ್ಕದಲ್ಲಿ ಅವರ ಪೂರ್ತಿ ಹೆಸರು. ಅದು ಸುಳ್ಳು. ಆ ಸೀಡಿಯಲ್ಲಿ ಅವರು ಬಾರಿಸಿದ ಒಂದೇ ಒಂದು ಪೆಟ್ಟೂ ಇಲ್ಲ. ಸುಳ್ಳಿಗೆ ಬಳಸಿಕೊಂಡ ಹೆಸರನ್ನು ಈಗ ನಿಜ ಹೇಳುವುದಕ್ಕೂ ಬಳಸಿಕೊಳ್ಳುವ ಧೈರ್ಯ ನನಗಿಲ್ಲ. ನಾವು ಅವರನ್ನು ‘ಅಣ್ಣ’ ಎನ್ನುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ಅಣ್ಣನ ಮನೆ ಕೆಂಗೇರಿ. ಕೆಲಸ ರಾಜಾಜಿನಗರದ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಲೇತ್ ಮೆಷಿನ್ ಮುಂದೆ. ಭಾನುವಾರಗಳಲ್ಲಿ, ಮದುವೆ ಸೀಸನ್ನಿನಲ್ಲಿ, ಒಂದು ಬ್ಯಾಂಡ್‌ಸೆಟ್ಟಿನ ಜೊತೆ ಹೋಗಿ ಸೈಡ್ ಡ್ರಮ್ ಬಾರಿಸುತ್ತಿದ್ದರು. ನಮಗಿಂತ ಹದಿನೈದು ವರ್ಷ ದೊಡ್ಡವರು. ಕುಳ್ಳಗೆ, ಗಟ್ಟಿಮುಟ್ಟು. ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಶರ್ಟಿನ ಜೇಬಿನಲ್ಲಿ, ಬೇರೆಯವರು ಪೆನ್ನು ಇಟ್ಟುಕೊಳ್ಳುವ ಕಡೆ, ಒಂದು ಸ್ಟೀಲಿನ ಸ್ಕೇಲು. ಯಾರಾದರೂ ಅವರೆದುರು ಉದ್ದುದ್ದ ಮಾತಾಡತೊಡಗಿದರೆ ಅದನ್ನು ಹೊರಗೆ ತೆಗೆದು ತೊಡೆಗೆ ಮೆತ್ತಗೆ ತಟ್ಟುತ್ತಾ ಕೂರುತ್ತಿದ್ದರು. ಮಾತಾಡುವವನ ಓಟ ಎಷ್ಟಿದೆಯೋ ತಟ್ಟುವ ಓಟವೂ ಅಷ್ಟೇ. ಒಮ್ಮೆ ನನ್ನ ಗೆಳೆಯ ಪ್ರಸನ್ನನ ತಾಯಿ ಅಳಿಯನ ಮೇಲಿನ ದೂರನ್ನೆಲ್ಲ ಇವರ ಮುಂದೆ ಹೇಳಿಕೊಂಡಾಗ ಆ ಸ್ಕೇಲು ಎಷ್ಟು ಜೋರಾಗಿ ಓಡಿತೆಂದರೆ ಆಕೆ ನಕ್ಕುಬಿಟ್ಟರು.

ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಲೇತ್‌ಗೆ ಬರುವ ಮೊದಲು ಎಂಟು ವರ್ಷ ಪವರ್ ಪ್ರೆಸ್ ಮೇಲೆ ದುಡಿದಿದ್ದರು. ಆ ಸದ್ದು ಒಂದು ಕಿವಿಯನ್ನು ತಿಂದುಹಾಕಿತ್ತು. ಹಾಗಾಗಿ ನಾನು ಹಾಡುವಾಗ ಯಾವಾಗಲೂ ನನ್ನ ಎಡಕ್ಕೆ ಕೂರುತ್ತಿದ್ದರು, ಬಲಗಿವಿ ನನ್ನ ಕಡೆಗಿರಲಿ ಎಂದು.

ನಾವು ಅವರನ್ನು ಕಂಡದ್ದು ವಿಜಯನಗರದ ಒಂದು ಮದುವೆ ಮೆರವಣಿಗೆಯಲ್ಲಿ. ನಾವೆಂದರೆ ನಾನು ಮತ್ತು ಪ್ರಸನ್ನ. ಇಬ್ಬರೂ ಬಿ.ಕಾಂ. ಎರಡನೇ ವರ್ಷ. ನನ್ನ ಹತ್ತಿರ ಒಂದು ಗಿಟಾರು, ನಾನೇ ಬರೆದ ಹತ್ತು ಹನ್ನೆರಡು ಹಾಡು. ಅವನ ಹತ್ತಿರ ಮಾವ ಕೊಡಿಸಿದ ಬೇಸ್ ಗಿಟಾರು. ಮದುವೆ ಪ್ರಸನ್ನನ ಕಸಿನ್‌ದು. ಪಟಾಕಿಗೆ ಬೆದರಿ ಗಂಡು ಕೂತಿದ್ದ ಕುದುರೆ ಅಡ್ಡಾದಿಡ್ಡಿ ತಿರುಗತೊಡಗಿತು. ಜನ ಚೆಲ್ಲಾಪಿಲ್ಲಿ. ಬ್ಯಾಂಡ್‌ಸೆಟ್ಟಿನವರು ಮಾತ್ರ ಊದುತ್ತಲೇ ಇದ್ದರು. ಅವರ ನಡುವಿನಿಂದ ಒಬ್ಬರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಡ್ರಮ್ಮಿನ ಕೋಲುಗಳನ್ನು ಸೊಂಟಕ್ಕೆ ಸಿಕ್ಕಿಸಿ ಬರೀ ಬೆರಳಲ್ಲಿ ತಟ್ಟುತ್ತಾ ಕುದುರೆಯ ಹತ್ತಿರ ಹೋದರು. ಮೊದಲು ಕುದುರೆಯ ಕಾಲಿನಷ್ಟೇ ಜೋರು, ಆಮೇಲೆ ಸ್ವಲ್ಪ ನಿಧಾನ, ಇನ್ನೂ ನಿಧಾನ. ಕುದುರೆ ನಿಂತಿತು. ಗಂಡಿನ ಪೇಟ ಕೆಳಗೆ ಬಿದ್ದಿತ್ತು. ಎತ್ತಿ ಕೊಟ್ಟು ವಾಪಸ್ ತಮ್ಮ ಸಾಲಿಗೆ ಹೋಗಿ ನಿಂತರು.

“ಮಗಾ, ಈ ಅಣ್ಣ ನಮಗೆ ಬೇಕು” ಎಂದ ಪ್ರಸನ್ನ.

ಕೇಳಿದರೆ ಅವರು ನಕ್ಕರು. “ನಂಗೆ ಇಂಗ್ಲಿಸ್ ಹಾಡೆಲ್ಲಾ ಬರಕ್ಕಿಲ್ಲ ಕಣ್ರಪ್ಪ.”

“ಕನ್ನಡಾನೇ ಅಣ್ಣ. ನಾನೇ ಬರೆದಿರೋದು.”

“ನೀನೇ ಬರ್ದಿದೀಯಾ? ಎಲ್ಲಿ, ಹೇಳು ಒಂದ.”

ಮದುವೆ ಮನೆಯ ಅಡುಗೆ ಶಾಮಿಯಾನದ ಪಕ್ಕ ನಿಂತು ಹೇಳಿದೆ. ಅವರು ಬಲಗಿವಿ ಕೊಟ್ಟು ಪೂರ್ತಿ ಕೇಳಿದರು. “ಸರಿ, ಭಾನುವಾರ ಬತ್ತೀನಿ” ಎಂದರು.

ಹೊಸಹಳ್ಳಿಯಲ್ಲಿ ಪ್ರಸನ್ನನ ಮನೆ. ತಾರಸಿ ಮೇಲೆ ಶೀಟ್ ಹೊದಿಸಿದ ಒಂದು ರೂಮು. ಅಣ್ಣ ಕೆಂಗೇರಿಯಿಂದ ಮೊಪೆಡ್ಡಿನ ಹಿಂದೆ ಡ್ರಮ್ಮು ಕಟ್ಟಿಕೊಂಡು ಬರುತ್ತಿದ್ದರು. ಬ್ಯಾಂಡ್‌ಸೆಟ್ಟಿನ ಹಳೆಯ ದೊಡ್ಡ ಡ್ರಮ್ಮೊಂದನ್ನು ಕಾಲಲ್ಲಿ ಬಾರಿಸುವ ಹಾಗೆ ಮಾಡಿಕೊಂಡರು. ಅದಕ್ಕೆ ಬೇಕಾದ ಪೆಡಲ್ಲನ್ನು ಅಂಗಡಿಯಲ್ಲಿ ಒಮ್ಮೆ ನೋಡಿ ಬಂದು ಲೇತ್‌ನಲ್ಲಿ ತಾವೇ ತಯಾರಿಸಿದರು. ಪೆಡಲ್ಲು ಚೆನ್ನಾಗಿತ್ತು, ಆದರೆ ಪ್ರತಿ ಸಲ ಒತ್ತಿದಾಗಲೂ ಕೀಚ್ ಎನ್ನುತ್ತಿತ್ತು. ಎಣ್ಣೆ ಹಾಕಿದರು, ಗ್ರೀಸ್ ಹಚ್ಚಿದರು, ಹೋಗಲಿಲ್ಲ.

ನಾವು ರೆಕಾರ್ಡ್ ಮಾಡಿದ್ದು ಅದೇ ರೂಮಿನಲ್ಲಿ, ಒಂದು ಟೂ-ಇನ್-ಒನ್ ಟೇಪ್‌ರೆಕಾರ್ಡರಿನಲ್ಲಿ. ಸ್ಟೂಲಿನ ಮೇಲೆ ಅದನ್ನಿಟ್ಟು, ಬಾಗಿಲಿಗೆ ಹಾಸಿಗೆ ಅಡ್ಡ ಹಾಕಿ, ಮೂವರೂ ಒಟ್ಟಿಗೆ ನುಡಿಸಿದ್ದು. ತಪ್ಪಾದರೆ ಮೊದಲಿನಿಂದ. ಹಾಡೊಂದು ಕೊನೆಗೂ ಸರಿಯಾಗಿ ಬಂದ ಸಲ, ಇನ್ನೇನು ಮುಗಿಯಬೇಕು, ಕೆಳಗಿನಿಂದ ಪ್ರಸನ್ನನ ತಾಯಿ “ನೀರು ಬಂತೂ...” ಎಂದು ಕೂಗಿದರು. ಕಾರ್ಪೊರೇಷನ್ ನೀರು ಎರಡು ದಿನಕ್ಕೊಮ್ಮೆ ಬರುತ್ತಿದ್ದ ಬೀದಿ ಅದು. ಅಣ್ಣ ಬಾರಿಸುವುದನ್ನು ನಿಲ್ಲಿಸಲಿಲ್ಲ. ಆ ಕೂಗಿನ ಉದ್ದಕ್ಕೂ ಪೆಟ್ಟುಗಳನ್ನು ಒಂದೇ ಸಮನೆ ಉರುಳಿಸಿ, ಕೂಗು ನಿಂತಲ್ಲಿ ಕೊನೆಯ ಪೆಟ್ಟು ಹಾಕಿದರು. ಅದನ್ನು ಹಾಗೇ ಇಟ್ಟುಕೊಂಡೆವು. ನಮ್ಮ ಬ್ಯಾಂಡಿನ ಹೆಸರೂ ಅದೇ ಆಯಿತು, ‘ನೀರು ಬಂತು’.

ನನ್ನದೊಂದು ದೋಷ ಹೇಳಬೇಕು. ನನಗೆ ತಾಳದಲ್ಲಿ ನಿಲ್ಲಲು ಬರುವುದಿಲ್ಲ. ಸಾಲಿನ ಕೊನೆಯ ಮಾತನ್ನು ಎಳೆಯುತ್ತೇನೆ, ಉಸಿರು ತೆಗೆದುಕೊಳ್ಳಲು ತಡ ಮಾಡುತ್ತೇನೆ. ಆಗ ಇದು ನನಗೆ ಗೊತ್ತೇ ಇರಲಿಲ್ಲ, ಏಕೆಂದರೆ ಅಣ್ಣ ಗೊತ್ತಾಗಲು ಬಿಡಲಿಲ್ಲ. ನಾನು ಎಳೆದಷ್ಟೂ ಅವರು ಕಾದು, ನನ್ನ ಮಾತು ಮುಗಿದ ಮೇಲೆ ಪೆಟ್ಟು ಹಾಕುತ್ತಿದ್ದರು. ಒಂದು ಕಾಲೇಜ್ ಫೆಸ್ಟಿನಲ್ಲಿ ನಡುವೆ ಸಾಹಿತ್ಯವೇ ಮರೆತುಹೋಯಿತು. ಎದುರಿಗೆ ಇನ್ನೂರು ಹುಡುಗ ಹುಡುಗಿಯರು. ಅಣ್ಣ ಕಣ್ಣು ಮುಚ್ಚಿಕೊಂಡು ಒಂದೇ ನಡೆಯನ್ನು ಬಾರಿಸುತ್ತಾ ಹೋದರು, ನನಗೆ ಸಾಲು ಸಿಗುವವರೆಗೆ. ಅದು ಹಾಡಿನದೇ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದ ಮೇಲೆ ಅಳುವ ಹಾಗಿದ್ದ ನನಗೆ ಹೇಳಿದರು: “ಮರ್ತಿದ್ದಲ್ಲ ಬುಡೋ. ಗ್ಯಾಪ್ಕ ಬರಕ್ಕೆ ವಸಿ ಟೈಮ್ ತಕಂಡೆ, ಅಷ್ಟೇಯ.”

ಕ್ಯಾಸೆಟ್ಟನ್ನು ಒಂದರಿಂದ ಒಂದಕ್ಕೆ ನಾವೇ ಕಾಪಿ ಮಾಡಿ ಹಂಚಿದೆವು. ಆಮೇಲೆ ಡಿಗ್ರಿ ಮುಗಿಯಿತು. ಪ್ರಸನ್ನ ಬಸವೇಶ್ವರನಗರದಲ್ಲಿ ಅವನ ಮಾವನ ಬೇಕರಿ ನೋಡಿಕೊಳ್ಳತೊಡಗಿದ. ನಾನು ಒಂದು ಜಾಹೀರಾತು ಕಂಪನಿ ಸೇರಿ ರೇಡಿಯೋಗೆ ಸೋಪು, ಸೀರೆ, ಪ್ರೆಶರ್ ಕುಕ್ಕರುಗಳ ಸಾಲು ಬರೆಯತೊಡಗಿದೆ. ಜಗಳವೇನೂ ಆಗಲಿಲ್ಲ. ಒಂದು ಭಾನುವಾರ ಸೇರಲಿಲ್ಲ, ಮುಂದಿನದಕ್ಕೂ ಸೇರಲಿಲ್ಲ, ಬ್ಯಾಂಡು ನಿಂತುಹೋಯಿತು. ಅಣ್ಣ ಮಾತ್ರ ಯುಗಾದಿಗೊಮ್ಮೆ ಫೋನ್ ಮಾಡಿ, “ಹೊಸಾದೇನಾರ ಬರ್ದ್ಯಾ?” ಎಂದು ಕೇಳುತ್ತಿದ್ದರು.

ಆರೇಳು ವರ್ಷ ಕಳೆಯಿತು. ಅಷ್ಟರಲ್ಲಿ ನಮಗೇ ಗೊತ್ತಿಲ್ಲದೆ ಕ್ಯಾಸೆಟ್ ಓಡಾಡಿತ್ತು. ಹಾಸ್ಟೆಲಿನಿಂದ ಹಾಸ್ಟೆಲಿಗೆ ಹೋಗಿ, ಯಾರೋ ಅದನ್ನು ಕಂಪ್ಯೂಟರಿಗೆ ಹಾಕಿ, ರಾಜಾಜಿನಗರದ ಒಬ್ಬ ಹುಡುಗ ತನ್ನ ಬ್ಲಾಗಿನಲ್ಲಿ ಏರಿಸಿದ್ದ. ಅದರ ಕೆಳಗೆ ನೂರಾರು ಜನ ಬರೆದಿದ್ದರು. ದಾವಣಗೆರೆಯವನೊಬ್ಬ, ‘ಆ ಕೀಚ್ ಕೀಚ್ ಸದ್ದನ್ನು ಇಲಿ ಅಂದ್ಕೊಂಡು ಮಂಚದ ಕೆಳಗೆಲ್ಲಾ ಹುಡುಕಿದೀನಿ’ ಎಂದಿದ್ದ. ‘ಆ ಡ್ರಮ್ಮರ್ ಯಾರು? ಸಿಂಗರ್ ಜೊತೆ ಮಾತಾಡ್ತಾ ಕೂತ ಹಾಗೆ ಬಾರಿಸ್ತಾರೆ’ ಎಂದು ಇನ್ನೊಬ್ಬಳು. ನಾನು ಓದಿದ್ದು ನನ್ನ ಬಗ್ಗೆ ಬರೆದಿದ್ದವನ್ನು. ಆಫೀಸಿನಲ್ಲಿ ಕೂತು ಅವನ್ನೇ ಮತ್ತೆ ಮತ್ತೆ ಓದಿದೆ. ಮೂವರೂ ಮತ್ತೆ ಸೇರಿ ಒಂದು ಆಲ್ಬಂ ಮಾಡಬೇಕೆಂದು ಹೊರಟವನು ನಾನೇ.

ಪ್ರಸನ್ನ ಹೇಳಿದ: “ಅದೇ ರೂಮಲ್ಲಿ ಮಾಡೋಣ ಕಣೋ. ಅಮ್ಮನ ಹತ್ರ ಮತ್ತೆ ಕೂಗ್ಸೋಣ.”

ನಾನು ಒಪ್ಪಲಿಲ್ಲ. ಜಾಹೀರಾತು ರೆಕಾರ್ಡ್ ಮಾಡುವ ಸ್ಟುಡಿಯೋ ನನ್ನ ಕೈಯಲ್ಲಿತ್ತು. ಎಫ್ಎಂನಲ್ಲಿ ಬರಬೇಕಾದರೆ ಸೌಂಡ್ ಹಾಗೆಲ್ಲಾ ಇರಬಾರದು ಎಂದು ವಾದಿಸಿದೆ. ಅಣ್ಣ ಎರಡೂ ಕಡೆ ಕೇಳಿಸಿಕೊಂಡು, “ಎಲ್ಲಾದ್ರೂ ಸರಿ, ಸೇರದು ಮುಖ್ಯ” ಎಂದು ಮುಗಿಸಿದರು.

ಸ್ಟುಡಿಯೋಗೆ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಹೊಸ ಡ್ರಮ್ ಕೋಲು ಕೊಂಡುಕೊಂಡು ಬಂದರು. ವರ್ಕ್‌ಶಾಪಿಗೆ ಎರಡು ದಿನ ರಜೆ ಹಾಕಿದ್ದರು. ಮೊದಲ ದಿನ ನಾವು ಕಾಫಿಗೆ ಕೂತಿದ್ದಾಗ ನಮ್ಮ ಕಂಪನಿಯ ಒಬ್ಬ ಕ್ಲೈಂಟ್ ಒಳಗೆ ಬಂದ. ನನಗೆ ಕೈಕುಲುಕಿ, ಸುತ್ತ ನೋಡಿ, ಅಣ್ಣನ ಕಡೆ ತಿರುಗಿ, “ಏನಪ್ಪಾ, ಆ ಎಸಿ ಸ್ವಲ್ಪ ನೋಡ್ತೀಯಾ? ಕೂಲಿಂಗೇ ಇಲ್ಲ” ಎಂದ. ಅಣ್ಣ ನನ್ನ ಮುಖ ನೋಡಿದರು. ‘ಇವರು ನಮ್ಮ ಡ್ರಮ್ಮರ್’ ಎಂದರೆ ಮುಗಿಯುತ್ತಿತ್ತು. ನಾನು ಲೋಟದೊಳಗೆ ನೋಡುತ್ತಾ ಕೂತೆ. ಅಣ್ಣ ಎದ್ದು, ಕುರ್ಚಿ ಹತ್ತಿ, ಎಸಿಯ ಮುಚ್ಚಳ ತೆಗೆದು ನೋಡಿ, “ಫಿಲ್ಟರ್ ತೊಳೀಬೇಕು ಸಾರ್, ಧೂಳು ಕಟ್ಕಂಡೈತೆ” ಎಂದರು. ಅದನ್ನು ತೊಳೆದು ಹಾಕಿಯೂ ಕೊಟ್ಟರು. ಕ್ಲೈಂಟ್ ಹೋದ ಮೇಲೆ ಕೈ ಒರೆಸಿಕೊಂಡು, “ನಡಿ, ಶುರು ಮಾಡಣ” ಎಂದರು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ರೆಕಾರ್ಡಿಂಗ್ ಮಾಡುತ್ತಿದ್ದವನು ಸುಹಾಸ್ ಎಂಬ ಹುಡುಗ, ಕೆಲಸದಲ್ಲಿ ಚುರುಕು. ಅವನು ಅಣ್ಣನ ತಲೆಗೆ ಹೆಡ್‌ಫೋನ್ ಹಾಕಿ, ತಾಳ ತಪ್ಪದಿರಲೆಂದು ಅದರಲ್ಲಿ ಟಿಕ್ ಟಿಕ್ ಸದ್ದು ಬಿಟ್ಟ. ಅಣ್ಣ ಎರಡು ನಿಮಿಷ ಬಾರಿಸಿ ನಿಲ್ಲಿಸಿದರು.

“ಲೋ, ನಂಗಿರೋದು ಒಂದೇ ಕಿವಿ. ಇದ್ರಲ್ಲಿ ಟಿಕ್ ಟಿಕ್ ಕೇಳಿದ್ರೆ ನಿನ್ ಹಾಡು ಕೇಳಕ್ಕಿಲ್ಲ. ನಿನ್ ಹಾಡು ಕೇಳಿದ್ರೆ ಇದು ಕೇಳಕ್ಕಿಲ್ಲ. ಯಾವ್ದುನ್ನ ಕೇಳ್ಳಿ?”

ಸುಹಾಸ್ ನನ್ನ ಕಡೆ ನೋಡಿದ.

“ಟಿಕ್ ಟಿಕ್ ಕೇಳಿ ಅಣ್ಣ” ಎಂದೆ.

“ಆಯ್ತು” ಎಂದರು. ಎರಡು ದಿನ ಅದನ್ನೇ ಕೇಳಿಕೊಂಡು ಬಾರಿಸಿದರು. ಬೆವರು ಸುರಿಯುತ್ತಿತ್ತು. ಅಭ್ಯಾಸ ಬಲದಿಂದ ನನ್ನ ತುಟಿಯನ್ನೂ ನೋಡುತ್ತಿದ್ದರು. ನಾನು ಎಳೆದ ಕಡೆ ಅವರ ಕೈ ತಾನಾಗಿ ಕಾದುಬಿಡುತ್ತಿತ್ತು, ಆಮೇಲೆ ಟಿಕ್ ಟಿಕ್ ಹಿಡಿಯಲು ಓಡುತ್ತಿತ್ತು. ಎರಡನೇ ದಿನ ಮುಗಿಸಿ ಹೊರಡುವಾಗ, “ಬಂತೇನೋ ಸರ್ಯಾಗಿ? ಬರ್ದೆ ಇದ್ರೆ ಹೇಳು, ಇನ್ನೊಂದಿನ ರಜ ಹಾಕ್ತೀನಿ” ಎಂದರು. ಸೂಪರ್ ಆಗಿದೆ ಅಣ್ಣ ಎಂದೆ.

ಮಾರನೇ ದಿನ ಸುಹಾಸ್ ಕಂಪ್ಯೂಟರ್ ತೋರಿಸಿದ. “ಸಾರ್, ಡ್ರಮ್ಸ್ ಎಲ್ಲಾ ಲೇಟ್ ಇದೆ ನೋಡಿ. ಕೂದಲೆಳೆಯಷ್ಟೇ, ಆದ್ರೆ ಎಲ್ಲಾ ಕಡೆ. ಪೆಡಲ್ ಸೌಂಡ್ ಬೇರೆ. ನಾನು ಪ್ರೋಗ್ರಾಂ ಮಾಡ್ಬಿಡ್ಲಾ? ಯಾರಿಗೂ ಗೊತ್ತಾಗಲ್ಲ.”

ಅಣ್ಣನನ್ನೇ ಕೇಳಬಹುದಿತ್ತು. ಫೋನ್ ನನ್ನ ಜೇಬಲ್ಲೇ ಇತ್ತು. ಅಣ್ಣ ಆಗ ಲೇತ್ ಮುಂದೆ ಇರುತ್ತಾರೆ, ಕೇಳಿಸುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. “ಮಾಡು” ಎಂದೆ. ಒಂದೇ ಮಧ್ಯಾಹ್ನದಲ್ಲಿ ಸುಹಾಸ್ ಅವರ ಎರಡು ದಿನದ ಕೆಲಸವನ್ನು ಅಳಿಸಿ ಅಲ್ಲಿ ಮೆಷಿನ್ನಿನ ಡ್ರಮ್ ಕೂರಿಸಿದ. ಕವರಿಗೆ ಹೆಸರು ಕೊಡುವಾಗ ಡ್ರಮ್ಸ್ ಎಂಬಲ್ಲಿ ಅಣ್ಣನ ಹೆಸರನ್ನೇ ಕೊಟ್ಟೆ. ಅವರ ಮರ್ಯಾದೆಗೆ ಅಂತ ಅಂದುಕೊಂಡಿದ್ದೆ.

ಸೀಡಿ ಬಂದ ವಾರ ಪ್ರಸನ್ನ ಬೇಕರಿಯಿಂದಲೇ ಫೋನ್ ಮಾಡಿದ. “ಅಣ್ಣನ ಡ್ರಮ್ಸ್ ಎಲ್ಲೋಯ್ತೋ?”

“ಮಿಕ್ಸಿಂಗ್‌ನಲ್ಲಿ ಸ್ವಲ್ಪ ಸರಿ ಮಾಡಿದಾರೆ ಕಣೋ.”

“ನನ್ ಹತ್ರ ಬೇಡ ಗುರು. ಅವರಿಗೆ ಹೇಳಿದೀಯಾ?”

“ಹೇಳ್ತೀನಿ.”

ಹೇಳಲಿಲ್ಲ. ಅಣ್ಣನ ಮನೆಗೆ ಎರಡು ಸೀಡಿಗಳನ್ನು ಕೊರಿಯರ್ ಮಾಡಿದೆ. ನಾನಿದ್ದ ವಿಜಯನಗರದಿಂದ ಕೆಂಗೇರಿಗೆ ಕೊರಿಯರ್! ಬಸ್ಸಿನಲ್ಲಿ ಹೋದರೆ ಮುಕ್ಕಾಲು ಗಂಟೆ. ಮೂರು ದಿನ ಬಿಟ್ಟು ಅವರ ಫೋನ್ ಬಂತು. “ಸೀಡಿ ಬಂತಪ್ಪ. ಕವರ್ ಚೆಂದಾಗೈತೆ” ಎಂದರು. ಹಾಡುಗಳ ಮಾತೇ ಬರಲಿಲ್ಲ.

ಎಫ್ಎಂನವರು ಒಂದು ಹಾಡನ್ನು ಎರಡು ಸಲ ಹಾಕಿ ಮರೆತರು. ಬ್ಲಾಗಿನ ಜನ ಮಾತ್ರ ಪೂರ್ತಿ ಕೇಳಿದರು, ಪೂರ್ತಿ ಬರೆದರು. ‘ಸೌಂಡ್ ಕ್ಲೀನ್ ಆಗಿದೆ, ತೊಳೆದಿಟ್ಟ ತಟ್ಟೆ ಥರ. ಊಟ ಎಲ್ಲಿ?’ ‘ಸಿಂಗರ್‌ಗೆ ಏನಾಗಿದೆ? ಹೊರಟಿರೋ ಬಸ್ ಹಿಂದೆ ಓಡ್ತಿರೋ ಹಾಗೆ ಹಾಡಿದಾನೆ.’ ಇದನ್ನು ಓದಿದ ದಿನವೇ ನನಗೆ ನನ್ನ ದೋಷ ಗೊತ್ತಾದದ್ದು. ಮೆಷಿನ್ ಯಾರಿಗೂ ಕಾಯುವುದಿಲ್ಲ. ಅಣ್ಣನದು ತಡವಾಗಿರಲಿಲ್ಲ, ತಡ ಮಾಡುತ್ತಿದ್ದವನು ನಾನು.

ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವಿರುತ್ತಿರಲಿಲ್ಲವೇನೋ. ಆಮೇಲೊಬ್ಬ ಬರೆದ: ‘ಡ್ರಮ್ಮರ್‌ಗೆ ವಯಸ್ಸಾಯ್ತು ಅನ್ಸುತ್ತೆ. ಮನಸ್ಸೇ ಇಲ್ಲದೆ ಬಾರಿಸಿದಾರೆ. ಅವರಿಂದಲೇ ಆಲ್ಬಂ ಹಾಳಾಗಿದೆ.’ ಅದಕ್ಕೆ ನಾಲ್ಕು ಜನ ಹೌದು ಹೌದು ಎಂದರು. ಅಣ್ಣನ ಹೆಸರು ಹಿಡಿದು ಬರೆದರು, ಕವರಿನಲ್ಲಿತ್ತಲ್ಲ. ನಾನು ಅದರ ಕೆಳಗೆ ಬರೆಯಲು ಕೂತೆ. ನಿಜ ಬರೆಯಬೇಕೆಂದೇ ಕೂತೆ. ಕೊನೆಗೆ ಬರೆದದ್ದು ಇದು, ಬೇರೊಂದು ಹೆಸರಿನಲ್ಲಿ: ‘ಒಪ್ಪುತ್ತೇನೆ, ಡ್ರಮ್ಸ್ ಸಪ್ಪೆ. ಆದರೆ ಸಾಹಿತ್ಯ ಮೊದಲಿಗಿಂತ ಚೆನ್ನಾಗಿದೆ.’ ಬಟನ್ ಒತ್ತಿ, ಎದ್ದು, ಊಟಕ್ಕೆ ಹೋದೆ. ಅವತ್ತು ಊಟ ಸೇರಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಆಲ್ಬಂ ಬಿಡುಗಡೆಯ ಹೆಸರಿನಲ್ಲಿ ವಿಜಯನಗರದ ಒಂದು ಸಣ್ಣ ಹಾಲಿನಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಭಾನುವಾರ ಸಂಜೆ ಐದಕ್ಕೆ. ಪ್ರಸನ್ನ ಬರುವುದಿಲ್ಲ ಎಂದಿದ್ದ. ಅವನನ್ನು ಬೇಕರಿಗೆ ಹೋಗಿ ಒಪ್ಪಿಸಿ ಕರೆತಂದವರು ಅಣ್ಣ. ಒಟ್ಟಿಗೆ ಒಂದು ಸಲವೂ ಪ್ರಾಕ್ಟೀಸ್ ಮಾಡಿರಲಿಲ್ಲ. ನಾನೇ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ವೇದಿಕೆಯ ಹಿಂದೆ ಅಣ್ಣ ಡ್ರಮ್ಮಿನ ಸ್ಕ್ರೂ ಬಿಗಿ ಮಾಡುತ್ತಾ ಕೂತಿದ್ದರು. ಹತ್ತಿರ ಹೋದೆ.

“ನಮ್ ಹುಡ್ಗಿ ಬ್ರೌಸಿಂಗ್ ಸೆಂಟರ್‌ಗೆ ಹೋಗಿ ಎಲ್ಲಾ ಓದ್ಕಂಡ್ ಬಂದವ್ಳೆ” ಎಂದರು. “ಜನ ಏನೇನೋ ಬರ್ದವ್ರೆ.”

“ಅದನ್ನೆಲ್ಲಾ ತಲೆಗೆ ಹಾಕ್ಕೋಬೇಡಿ ಅಣ್ಣ.”

“ಇಲ್ವೋ. ಒಬ್ಬ ಬರ್ದವ್ನಂತೆ, ಡ್ರಮ್ಸ್ ಸಪ್ಪೆ ಅಂತ. ಸರ್ಯಾಗ್ ಕೇಳವ್ನೆ ಅವ್ನು.” ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ. ನಾನು ಏನೋ ಹೇಳಲಿ ಎಂದು ಕಾಯುತ್ತಿದ್ದರು ಅನ್ನಿಸುತ್ತದೆ. ಮೈಕ್ ನೋಡಿ ಬರುತ್ತೇನೆ ಎಂದು ಎದ್ದು ಬಂದುಬಿಟ್ಟೆ.

ವೇದಿಕೆಯಲ್ಲಿ ಮೊದಲ ಹಾಡು ಶುರುವಾದಾಗ ತಿರುಗಿ ಅಣ್ಣನ ಕಡೆ ನೋಡಿದೆ. ಅಣ್ಣ ಬಾರಿಸುತ್ತಿದ್ದದ್ದು ಸುಹಾಸ್ ಕಂಪ್ಯೂಟರಿನಲ್ಲಿ ಬರೆದ ಪೆಟ್ಟುಗಳನ್ನು. ಅದೇ ನಡೆ, ಅದೇ ತಿರುವು, ಹಾಡಿನ ನಡುವೆ ಮೆಷಿನ್ ಎಲ್ಲಿ ಎರಡು ಪೆಟ್ಟು ಹೆಚ್ಚಿಗೆ ಹಾಕಿದೆಯೋ ಅಲ್ಲಿ ಅದೇ ಎರಡು ಪೆಟ್ಟು. ಎಂಟು ಹಾಡು, ಎಂಟರಲ್ಲೂ ಹಾಗೇ. ಪೆಡಲ್ಲು ಸದ್ದು ಮಾಡಲಿಲ್ಲ. ತಾವು ಮಾಡಿದ್ದನ್ನು ಬಿಟ್ಟು ಯಾರಿಂದಲೋ ಕಂಪನಿ ಪೆಡಲ್ಲೊಂದನ್ನು ಬಾಡಿಗೆಗೆ ತಂದಿದ್ದರು. ವ್ಯತ್ಯಾಸವಿದ್ದದ್ದು ಒಂದೇ. ನಾನು ಎಳೆದ ಕಡೆಯೆಲ್ಲ ಆ ಮೆಷಿನ್ನಿನ ನಡೆಯನ್ನೇ ತಡೆದು ಹಿಡಿದು ನನಗಾಗಿ ಕಾದರು.

ಕಾರ್ಯಕ್ರಮ ಮುಗಿದ ಮೇಲೆ ಕಾಲೇಜಿನ ಹುಡುಗನೊಬ್ಬ ಓಡಿಬಂದು ಅಣ್ಣನ ಕೈ ಹಿಡಿದುಕೊಂಡ. “ಸಾರ್, ಸೀಡೀಲಿ ನೀವು ಬಾರಿಸಿಲ್ಲ, ಮೆಷಿನ್ ಅಂತ ನಮ್ ಹುಡುಗರು ಬೆಟ್ ಕಟ್ಟಿದ್ರು. ಇವತ್ತು ಎಲ್ರೂ ಬಾಯ್ ಮುಚ್ಕೊಂಡ್ರು ಸಾರ್. ಡಿಟ್ಟೋ ಬಾರಿಸಿದ್ರಿ! ಹೊಸ ಸ್ಟೈಲ್ ಎಲ್ಲಿ ಕಲಿತ್ರಿ?”

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಅಣ್ಣ ನನ್ನ ಕಡೆ ಕೈ ತೋರಿಸಿದರು.

“ಅವ್ನೇ ಹೇಳ್ಕೊಟ್ಟಿದ್ದು” ಎಂದರು.

ವ್ಯಂಗ್ಯ ಇರಬಹುದೇ ಎಂದು ಆ ಧ್ವನಿಯನ್ನು ಎಷ್ಟೋ ಸಲ ನೆನಪಿಸಿಕೊಂಡು ನೋಡಿದ್ದೇನೆ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಇರಲಿಲ್ಲ.

ಆಮೇಲೆ ಯುಗಾದಿಗೆ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಕೆಂಗೇರಿ ಕಡೆಗೆ ಆಫೀಸಿನ ಕೆಲಸವಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ. ವಿಜಯನಗರದ ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದವು. ಟ್ರಾಫಿಕ್ಕಿನಲ್ಲಿ ಬ್ಯಾಂಡ್‌ಸೆಟ್ಟೊಂದು ಸಿಕ್ಕಿಕೊಂಡಿದ್ದನ್ನು ಕಂಡರೆ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದೆ, ಅವರಲ್ಲಿ ಅಣ್ಣ ಇದ್ದರೆ ಎಂದು. ಮರುವರ್ಷ ಒಂದು ಬೆಳಿಗ್ಗೆ ಪ್ರಸನ್ನನ ಫೋನ್ ಬಂತು. ವರ್ಕ್‌ಶಾಪಿನಲ್ಲೇ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಅಣ್ಣ ತೀರಿಕೊಂಡರಂತೆ. ಬ್ಯಾಂಡ್‌ಸೆಟ್ಟಿನವರೆಲ್ಲ ಸೇರಿ ಬಾರಿಸಿಕೊಂಡೇ ಕಳಿಸಿಕೊಟ್ಟರಂತೆ. ‘ಅಂತೆ’ ಎಂದು ಬರೆಯುತ್ತಿದ್ದೇನೆ, ಏಕೆಂದರೆ ನಾನು ಹೋಗಲಿಲ್ಲ. ಆಫೀಸಿನಲ್ಲಿ ಮುಖ್ಯವಾದ ಮೀಟಿಂಗ್ ಇದೆ ಎಂದೆ. ಮೀಟಿಂಗ್ ಇದ್ದದ್ದು ಸಂಜೆ.

ಹೋದದ್ದು ತಿಂಗಳು ಕಳೆದ ಮೇಲೆ, ಒಬ್ಬನೇ. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಬಾಗಿಲು ತೆಗೆದು, ಗುರುತು ಹಿಡಿದು, ಕೂರಿಸಿ, ನೀರು ಕೊಟ್ಟರು. ಅಣ್ಣನ ಬಗ್ಗೆ ಮಾತಾಡುವುದೆಂದರೆ ಅವರಿಗೆ ಸಮಾಧಾನವಿದ್ದ ಹಾಗಿತ್ತು. ಮಗಳ ಪಿಯುಸಿ ರಿಸಲ್ಟ್, ವರ್ಕ್‌ಶಾಪಿನವರು ಬಂದುಹೋದದ್ದು, ಎಲ್ಲ ಹೇಳಿದರು. ಆಮೇಲೆ ತಾವಾಗಿಯೇ ಆ ಸೀಡಿಯ ಮಾತೆತ್ತಿದರು.

“ನಿಮ್ ಸೀಡಿ ಬಂದಾಗ ಇಪ್ಪತ್ತು ದಿನ ಇದೇ ಕೆಲ್ಸ. ಕೆಲ್ಸದಿಂದ ಬಂದೋರೆ ಪ್ಲೇಯರ್ ಮುಂದೆ ಕೂತ್ಕೊಳ್ಳೋರು. ದಿಂಬು ತೊಡೆ ಮೇಲಿಟ್ಕೊಂಡು ಬಾರಿಸೋರು. ತಪ್ಪಾದ್ರೆ ಮಗಳಿಗೆ, ‘ಹಿಂದಕ್ಕೆ ಹಾಕವ್ವ, ಹಿಂದಕ್ಕೆ ಹಾಕು’ ಅನ್ನೋರು. ನಿಮ್ದೇ ಹಾಡಲ್ವಾ, ನೀವ್ ಬಾರಿಸಿದ್ದನ್ನೇ ಮತ್ತೆ ಕಲೀತೀರಲ್ಲ ಅಂದೆ ನಾನು. ‘ಇಲ್ಲ ಕಣೆ, ಹುಡ್ಗ ಏನೋ ಬದಲಾಯಿಸವ್ನೆ. ನಾನ್ ನಂದೇ ಬಾರಿಸಿದ್ರೆ ಜನ ಅವ್ನನ್ನ ಸುಳ್ಳ ಅಂತಾರೆ, ಅಷ್ಟು ಜನದ್ ಮುಂದೆ ಅವ್ನ ಮರ್ವಾದಿ ಹೋಗ್ತದೆ’ ಅಂದ್ರು.” ಅತ್ತಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನ ಕಡೆ ನೋಡಿದರು. “ಏನ್ ಬದಲಾಯಿಸಿದ್ರಿ? ಅವ್ರು ಹೇಳ್ಳೇ ಇಲ್ಲ.”

ಹೇಳಿದೆ. ಆ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಎಸಿಯ ವಿಷಯ, ಟಿಕ್ ಟಿಕ್ ಕೇಳಿ ಎಂದದ್ದು, ಅಳಿಸಿದ್ದು, ಬೇರೆ ಹೆಸರಿನಲ್ಲಿ ನಾನೇ ಬರೆದ ಆ ಎರಡು ಸಾಲು, ಮಣ್ಣಿಗೆ ಬರದೆ ಹೇಳಿದ ಸುಳ್ಳು. ಹೇಳುತ್ತಾ ಹೋದ ಹಾಗೆ ನನಗೆ ಅಳು ಬಂತು. ಅತ್ತಿಗೆ ಅಳಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು:

“ಇದನ್ನ ಅವ್ರಿಗೆ ಹೇಳ್ಬೇಕಿತ್ತು ನೀವು. ನಂಗೆ ಹೇಳಿ ಏನ್ಮಾಡ್ಲಿ?”

ಎದ್ದು ಒಳಗೆ ಹೋದರು. ಪಾತ್ರೆ ತೊಳೆಯುವ ಸದ್ದು ಕೇಳಿಸತೊಡಗಿತು. ಸ್ವಲ್ಪ ಹೊತ್ತು ಕಾದೆ. “ಬರ್ತೀನಿ ಅತ್ತಿಗೆ” ಎಂದೆ. ಪಾತ್ರೆಯ ಸದ್ದು ನಿಲ್ಲಲಿಲ್ಲ. ಆ ಮನೆಗೆ ಯಾರೇ ಬಂದರೂ ಹೊರಡುವಾಗ ಗೇಟಿನವರೆಗೆ ಬಂದು ಕಳಿಸುವುದು ಅವರ ರೂಢಿ. ಅವತ್ತು ಗೇಟನ್ನು ನಾನೇ ತೆಗೆದುಕೊಂಡು, ಹೊರಗೆ ಬಂದು, ನಾನೇ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.